ಒಲ್ಲೆನೆಂದವಳ ಚಿತ್ರ ಬರುವುದೆಂದಿಗೆ?

ಚಿತ್ರರಸಿಕರಲ್ಲಿ ಎರಡು ಬಗೆ. ಬಂದ ಚಿತ್ರವನ್ನು ನೋಡಿ ಸಂತೋಷಪಡುವವರು ಒಂದು ಬಗೆ. ಬಾರದ ಚಿತ್ರಕ್ಕಾಗಿ ಕಾದು ಕೊರಗುವವರು ಇನ್ನೊಂದು ಬಗೆ. ಮೊದಲನೆಯವರದು ಸುಖದ ಬಾಳು. ಚೀಟಿ ಕೊಂಡರು, ನೋಡಿದರು, ಚೆನ್ನಾಗಿದ್ದರೆ ಹೊಗಳಿದರು, ಇಲ್ಲದಿದ್ದರೆ ಬೈದು ಮಲಗಿದರು. ಎರಡನೆಯವರ ಪಾಡು ಹಾಗಲ್ಲ. ಅವರ ಚಿತ್ರಕ್ಕೆ ನಿರ್ಮಾಪಕನಿಲ್ಲ, ನಿರ್ದೇಶಕನಿಲ್ಲ, ಬಿಡುಗಡೆಯ ದಿನವಿಲ್ಲ. ಆದರೂ ಪಾತ್ರಹಂಚಿಕೆ ಮಾತ್ರ ಪ್ರತಿ ರಾತ್ರಿಯೂ ತಲೆಯೊಳಗೆ ನಡೆದೇ ಇರುತ್ತದೆ. ನಾನು ಈ ಎರಡನೆಯ ಪಂಗಡಕ್ಕೆ ಸೇರಿದವನು. ಅದಕ್ಕೆ ಕಾರಣ ನನ್ನ ಊರು ಮುದಗಲ್ಲು.

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿಗೆ ಸೇರಿದ ನಮ್ಮ ಊರನ್ನು ಓದುಗರಲ್ಲಿ ಹಲವರು ಶಾಲೆಯ ಪಾಠದಲ್ಲಿ ಕಂಡಿರಬಹುದು. ಕೃಷ್ಣೆ ತುಂಗಭದ್ರೆಯರ ನಡುವಣ ನೆಲಕ್ಕಾಗಿ ವಿಜಯನಗರದವರೂ ಬಹಮನಿಗಳೂ ತಲೆತಲಾಂತರದಿಂದ ಹೊಡೆದಾಡಿದರೆಂದು ಪಾಠದಲ್ಲಿ ಬರುತ್ತದಲ್ಲ, ಆ ಹೊಡೆದಾಟದ ಎರಡು ಮುಖ್ಯ ಕೋಟೆಗಳು ರಾಯಚೂರಿನದು ಮತ್ತು ನಮ್ಮದು. ಕೋಟೆಯ ಕಂದಕ, ಬುರುಜು, ಬಾಗಿಲುಗಳು ಇಂದಿಗೂ ನಿಂತಿವೆ. ಆದಿಲಶಾಹಿಗಳ ಕಾಲದಿಂದ ಬೆಳೆದು ಬಂದ ಕ್ರೈಸ್ತ ಸಮುದಾಯವೊಂದು ಇಲ್ಲಿದೆ. ಮೊಹರಮ್ಮಿನ ದಿನಗಳಲ್ಲಂತೂ ಊರಿಗೆ ಊರೇ ಹುಸೇನಿ ಆಲಂನ ಮುಂದೆ ಸೇರುತ್ತದೆ. ಯಾರು ಹಿಂದೂ, ಯಾರು ಮುಸಲ್ಮಾನ ಎಂದು ಪರವೂರಿನವನಿಗೆ ಗುರುತು ಹತ್ತುವುದಿಲ್ಲ. ಇಂಥ ಊರಿನಲ್ಲಿ ಹುಟ್ಟಿದವನಿಗೆ ಚಿತ್ರದ ಹುಚ್ಚೂ ಹಿಡಿದರೆ ಕಲ್ಲುಕಲ್ಲಿನಲ್ಲಿಯೂ ಕಥೆ ಕಾಣುವುದು ಸಹಜ. ಆದರೆ ನಾನು ಹೇಳುವ ಕಥೆ ಕಲ್ಲಿನಲ್ಲಿ ಕಂಡದ್ದಲ್ಲ, ಬರೆದಿಟ್ಟ ಚರಿತ್ರೆಯಲ್ಲಿಯೇ ಇರುವುದು.

ಕ್ರಿ. ಶ. 1406ರ ಮಾತು. ಮುದಗಲ್ಲು ಆಗ ಬಹಮನಿ ಸುಲ್ತಾನ ಫಿರೋಜ್ ಷಹನ ಆಳ್ವಿಕೆಯಲ್ಲಿತ್ತು. ಇಲ್ಲಿ ಒಬ್ಬ ಅಕ್ಕಸಾಲಿಗ. ನಮ್ಮ ಕಡೆಯ ಮಾತಿನಲ್ಲಿ ಪತ್ತಾರ. ಅವನಿಗೆ ಒಬ್ಬಳು ಮಗಳು, ಅಸಾಧಾರಣ ಚೆಲುವೆ. ಕಾಶಿಯಾತ್ರೆ ಮುಗಿಸಿ ಮರಳುತ್ತಿದ್ದ ಬ್ರಾಹ್ಮಣನೊಬ್ಬ ಅವರ ಮನೆಯಲ್ಲಿ ಇಳಿದುಕೊಂಡ. ಹುಡುಗಿಯನ್ನು ಕಂಡು ಬೆರಗಾಗಿ ಅಲ್ಲಿಯೇ ತಂಗಿ ಅವಳಿಗೆ ಸಂಗೀತ ಕಲಿಸಿದ. ಅನಂತರ ನೇರವಾಗಿ ವಿಜಯನಗರಕ್ಕೆ ಹೋಗಿ ದೊರೆಯ ಮುಂದೆ ಅವಳನ್ನು ವರ್ಣಿಸಿದ. ದೊರೆ ಅವನ ಕೈಯಲ್ಲಿಯೇ ಉಡುಗೊರೆಗಳನ್ನೂ ಕಂಠಹಾರವನ್ನೂ ಕಳಿಸಿದ. ತಂದೆತಾಯಿಗಳು ಹಿಗ್ಗಿದರು. ಹುಡುಗಿ ಮಾತ್ರ ಹಾರಕ್ಕೆ ಕೊರಳೊಡ್ಡಲಿಲ್ಲ. ಆ ಅಂತಃಪುರವನ್ನು ಹೊಕ್ಕವಳು ಮರಳಿ ಹೆತ್ತವರ ಮುಖವನ್ನು ಕಾಣಲಾರಳು, ಆದ್ದರಿಂದ ಒಲ್ಲೆ ಎಂದಳು. ಬ್ರಾಹ್ಮಣ ಬರಿಗೈಯಲ್ಲಿ ಹಿಂದಿರುಗಿದ. ದೊರೆ ಹಟ ಹಿಡಿದು 5000 ಕುದುರೆಸವಾರರನ್ನು ಮುದಗಲ್ಲಿಗೆ ಅಟ್ಟಿದ. ದಂಡು ಬರುವ ಸುದ್ದಿ ಕೇಳಿ ಜನರೆಲ್ಲ ಮನೆಮಠ ಬಿಟ್ಟು ಓಡಿದರು. ಅವರೊಡನೆ ಪತ್ತಾರನ ಸಂಸಾರವೂ ಓಡಿತು. ಸವಾರರಿಗೆ ಹುಡುಗಿ ಸಿಗಲಿಲ್ಲ. ಸಿಕ್ಕ ಹಳ್ಳಿಗಳನ್ನು ಹಾಳುಗೆಡಹಿದರು.

ಇದನ್ನೇ ನೆಪಮಾಡಿಕೊಂಡು ಫಿರೋಜ್ ಷಹ ವಿಜಯನಗರದ ಮೇಲೆ ಏರಿಹೋದ. ಕೊನೆಗೆ ದೇವರಾಯ ತನ್ನ ಮಗಳನ್ನು ಸುಲ್ತಾನನಿಗೆ ಕೊಟ್ಟು, ಬಂಕಾಪುರವನ್ನು ಬಳುವಳಿಯಾಗಿ ಬಿಟ್ಟುಕೊಟ್ಟು ಸಂಧಿ ಮಾಡಿಕೊಂಡ. ಮದುವೆ ಬಹು ವೈಭವದಿಂದ ನಡೆಯಿತು. ಆದರೆ ಬೀಳ್ಕೊಡುವಾಗ ಮಾವ ಅಳಿಯನ ಬಿಡಾರದವರೆಗೂ ಬಾರದೆ ನಡುದಾರಿಯಲ್ಲಿ ಹಿಂದಿರುಗಿದನೆಂದು ಅಳಿಯನಿಗೆ ಕೋಪ ಬಂದು, ಹಳೆಯ ಹಗೆ ಹಾಗೆಯೇ ಉಳಿಯಿತು. ಆಮೇಲೆ ಸುಲ್ತಾನ ಮುದಗಲ್ಲಿನ ಹುಡುಗಿಯನ್ನೂ ಅವಳ ಹೆತ್ತವರನ್ನೂ ಕರೆಸಿದ. ತನಗೆ ವಯಸ್ಸಾಯಿತೆಂದು ಹೇಳಿ ಅವಳನ್ನು ತನ್ನ ಮಗ ಹಸನ್ ಖಾನನಿಗೆ ಮದುವೆ ಮಾಡಿಸಿದ.

ಇದಿಷ್ಟನ್ನೂ ಬರೆದವನು ಫೆರಿಷ್ತಾ. ಅವನು ಬಿಜಾಪುರದ ಇಬ್ರಾಹಿಂ ಆದಿಲಶಹನ ಆಶ್ರಯದಲ್ಲಿದ್ದವನು. ಬರೆದದ್ದು ಘಟನೆ ನಡೆದು ಸುಮಾರು 200 ವರ್ಷಗಳ ಮೇಲೆ. ರಾಬರ್ಟ್ ಸ್ಯೂಯೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸದಲ್ಲಿ ಇದನ್ನು ಮತ್ತೆ ಹೇಳಿ ಲೋಕಪ್ರಸಿದ್ಧ ಮಾಡಿದ. ಚರಿತ್ರಕಾರರು ಕಥೆಯನ್ನು ಪೂರ್ತಿ ನಂಬುವುದಿಲ್ಲ. ಯುದ್ಧಕ್ಕೆ ನಿಜವಾದ ಕಾರಣ ಹುಡುಗಿಯಲ್ಲ, ಎರಡು ಹೊಳೆಗಳ ನಡುವಣ ಫಲವತ್ತಾದ ನೆಲ ಎನ್ನುತ್ತಾರೆ. ಇರಬಹುದು. ಹುಡುಗಿಯ ಹೆಸರು ಕೂಡ ಒಂದು ಭಾಷಾಂತರದಲ್ಲಿ ನೇಹಾಲ್ ಎಂದಿದ್ದರೆ ಇನ್ನೊಂದರಲ್ಲಿ ಪರ್ತಾಲ್ ಎಂದಿದೆ. ಹೆಸರು ಉಳಿಯದಿದ್ದರೂ ಅವಳು ಆಡಿದ ಮಾತು ಉಳಿಯಿತು.

ಇಂಥ ಕಥೆ ಬೆಳ್ಳಿಪರದೆಗೆ ಬರಬೇಕೆಂಬುದು ನನ್ನ ಬಹುದಿನದ ಆಸೆ. ಊರಿನ ಅಭಿಮಾನದಿಂದ ಹೇಳುತ್ತಿದ್ದಾನೆಂದು ಓದುಗರು ನಗಬಹುದು. ಅಭಿಮಾನ ಇಲ್ಲದಿಲ್ಲ. ಚಿತ್ರದುರ್ಗದವರನ್ನು ನೋಡಿ ನನಗೆ ಹೊಟ್ಟೆಕಿಚ್ಚೂ ಉಂಟು. 1972ರಲ್ಲಿ ಪುಟ್ಟಣ್ಣ ಕಣಗಾಲರು ತ. ರಾ. ಸುಬ್ಬರಾಯರ ಕಾದಂಬರಿಗಳನ್ನು ಆಧರಿಸಿ ‘ನಾಗರಹಾವು’ ತೆಗೆದರು. ಕಥೆ ಇಂದಿನ ಕಾಲದ ಮುಂಗೋಪಿ ಹುಡುಗನದು. ವಿಷ್ಣುವರ್ಧನರನ್ನು ನಾಯಕನಟರನ್ನಾಗಿ ನಾಡು ಒಪ್ಪಿಕೊಂಡದ್ದು ಅಲ್ಲಿ. ಆದರೆ ಅದರ ನಡುವೆ ಕೆಲವೇ ನಿಮಿಷ ಒನಕೆ ಓಬವ್ವ ಬಂದು ಹೋಗುತ್ತಾಳೆ. ಜಯಂತಿಯವರು ಆ ಕೆಲವು ನಿಮಿಷಗಳಲ್ಲಿ ತೋರಿದ ಅಭಿನಯವನ್ನು ನೆನೆಯಿರಿ. ಕೋಟೆಯ ಕಾವಲುಗಾರನ ಹೆಂಡತಿಯನ್ನು ಮನೆಮನೆಯ ಮಕ್ಕಳಿಗೆ ಪರಿಚಯಿಸಿದ್ದು ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಆ ಒಂದು ಪ್ರಸಂಗ. ರಾಣಿಯಲ್ಲದ, ಹೆಸರಾಂತ ಕುಲದವಳಲ್ಲದ ಒಬ್ಬ ಹೆಂಗಸು ಚಿತ್ರದಿಂದಾಗಿ ನಾಡಿನ ಮನೆಮಗಳಾದಳು. ಪತ್ತಾರನ ಮಗಳಿಗೆ ಆ ಭಾಗ್ಯ ಇನ್ನೂ ಬಂದಿಲ್ಲ.

ಹಾಗೆಂದು ಯಾರು ಬೇಕಾದರೂ ಹೇಗೆ ಬೇಕಾದರೂ ತೆಗೆಯಲಿ ಎನ್ನಲಾರೆ. ನಮ್ಮ ಐತಿಹಾಸಿಕ ಚಿತ್ರಗಳನ್ನು ನಾನು ಪ್ರೀತಿಯಿಂದ ನೋಡಿದವನು. ‘ರಣಧೀರ ಕಂಠೀರವ’ (1960), ‘ಕಿತ್ತೂರು ಚೆನ್ನಮ್ಮ’ (1961), ‘ಇಮ್ಮಡಿ ಪುಲಿಕೇಶಿ’ (1967), ‘ಶ್ರೀ ಕೃಷ್ಣದೇವರಾಯ’ (1970), ‘ಮಯೂರ’ (1975), ಒಂದೊಂದೂ ಕನ್ನಡಿಗರ ಬೆನ್ನನ್ನು ಒಂದು ಗೇಣು ನೆಟ್ಟಗೆ ಮಾಡಿದವು. ರಾಜಕುಮಾರರ ಬಾಯಲ್ಲಿ ಗ್ರಾಂಥಿಕ ಕನ್ನಡ ಕೂಡ ಹಾಲು ಕುಡಿದಷ್ಟು ಸಲೀಸಾಗಿ ಹರಿಯುತ್ತಿತ್ತು. ‘ಶ್ರೀ ಕೃಷ್ಣದೇವರಾಯ’ದಲ್ಲಿ ತಿಮ್ಮರಸನಾಗಿ ಬಿ. ಆರ್. ಪಂತುಲು ನಿಂತ ಗತ್ತು, ಬ್ರಾಹ್ಮಣ ಯುವಕ ಕತ್ತಿ ಹಿಡಿದು ಕದಂಬ ದೊರೆಯಾಗುವ ‘ಮಯೂರ’ದ ವೇಗ, ಇವನ್ನು ಮರೆಯುವುದುಂಟೆ? ಆದರೂ ಆ ಚಿತ್ರಗಳ ರೂಢಿಯಲ್ಲಿ ಒಂದು ಕೊರತೆ ನನಗೆ ಯಾವಾಗಲೂ ಕಾಣುತ್ತದೆ. ಅಲ್ಲಿ ಸಿಂಹಾಸನದ ಸುತ್ತಮುತ್ತಲಿನವರಿಗೆ ಮಾತ್ರ ಮಾತು. ಉಳಿದವರಿಗೆ ಜಯಕಾರ ಹಾಕುವ ಕೆಲಸ.

ನಮ್ಮ ಮನೆಯಾಕೆ ಇದನ್ನು ನನಗಿಂತ ಚೆನ್ನಾಗಿ ಹೇಳುತ್ತಾಳೆ. ಟೆಲಿವಿಷನ್ನಿನಲ್ಲಿ ಇಂಥ ಚಿತ್ರ ಬಂದಾಗ ಯುದ್ಧದ ಭಾಗದಲ್ಲಿ ನಾನು ಕುರ್ಚಿಯ ಅಂಚಿಗೆ ಸರಿದು ಕುಳಿತಿರುತ್ತೇನೆ. ಆಕೆ ಕಾಳು ಆರಿಸುತ್ತ, “ಅಲ್ರೀ, ಇವರು ತಿಂಗಳಾನಗಟ್ಲೆ ಬಡದಾಡ್ತಾರ. ಊರಾಗಿನ ಮಂದಿ ಏನ್ ಉಣ್ತಿದ್ರೀ ಅಷ್ಟು ದಿನ?” ಎಂದು ಕೇಳುತ್ತಾಳೆ. ಕತ್ತಿಗಳ ಖಣಖಣದ ನಡುವೆ ಈ ಪ್ರಶ್ನೆಗೆ ಉತ್ತರ ಕೊಟ್ಟ ಕನ್ನಡ ಚಿತ್ರಗಳು ವಿರಳ. ನನ್ನ ಮಟ್ಟಿಗೆ ಅದರ ಹತ್ತಿರ ಬಂದದ್ದು ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978). ಶಂಕರನಾಗ್ ಅವರ ಮೊದಲ ಚಿತ್ರ ಅದು. ಅಲ್ಲಿ ಕೂಲಿಗಾಗಿ ಕಾದುವ ಯೋಧರಿದ್ದಾರೆ; ಬಿರುದಾವಳಿ ಇಲ್ಲ, ಇತಿಹಾಸಪ್ರಸಿದ್ಧ ಚಕ್ರವರ್ತಿಯಿಲ್ಲ. ಕತ್ತಿ ಬೀಸಿದರೆ ತೋಳು ನೋಯುತ್ತದೆ, ಮಳೆ ಬಂದರೆ ನೆಲ ಕೆಸರಾಗುತ್ತದೆ ಎಂಬುದು ನೋಡುವವನಿಗೂ ತಿಳಿಯುತ್ತದೆ. ಮುದಗಲ್ಲಿನ ಕಥೆಗೆ ಬೇಕಾದದ್ದು ಆ ಕಣ್ಣು.

ಏಕೆಂದರೆ ಈ ಕಥೆಯಲ್ಲಿ ದೊಡ್ಡದು ಯುದ್ಧವಲ್ಲ, ಪತ್ತಾರನ ಪಡಸಾಲೆ. ಹಾರ ಬಂದ ದಿನ ಆ ಪಡಸಾಲೆಯಲ್ಲಿ ಏನು ನಡೆದಿರಬೇಕೆಂದು ಯೋಚಿಸಿ. ಅಪ್ಪ ಚಿನ್ನದ ಕೆಲಸದವನು. ದೊರೆಯ ಉಡುಗೊರೆಯೆಂದರೂ ಅವನ ಕೈ ತಾನಾಗಿ ತಕ್ಕಡಿಯ ಕಡೆಗೆ, ಒರೆಗಲ್ಲಿನ ಕಡೆಗೆ ಹೋಗಿರುತ್ತದೆ. ಜೀವಮಾನವೆಲ್ಲ ಪರರ ಚಿನ್ನ ಕಾಸಿದವನ ಮನೆಗೆ ಅಷ್ಟು ಚಿನ್ನ ತಾನಾಗಿ ಬಂದಿದೆ. ತಾಯಿಯ ಕಣ್ಣಲ್ಲಿ ನೀರು. ಬ್ರಾಹ್ಮಣ ಬಾಗಿಲಲ್ಲಿ ನಿಂತು ಮುಗುಳ್ನಗುತ್ತಿದ್ದಾನೆ. ಪಾಠ ಹೇಳಿದ ಗುರುವೇ ಈಗ ದಲ್ಲಾಳಿ. ಹುಡುಗಿಗೆ ಹಾರದ ತೂಕವೂ ಗೊತ್ತು, ಬೆಲೆಯೂ ಗೊತ್ತು. ಅವಳು ಬೆಳೆದದ್ದೇ ಕುಲುಮೆಯ ಪಕ್ಕದಲ್ಲಿ. ಮೂವರು ತನಗಿಂತ ಹಿರಿಯರು ಬಯಸುವುದನ್ನು ಅವಳೊಬ್ಬಳು ಬೇಡವೆನ್ನಬೇಕು. ಆ ಒಂದು ದೃಶ್ಯ ಸರಿಯಾಗಿ ಬಂದರೆ ಚಿತ್ರ ಗೆದ್ದಿತು. ಆನೆ ಕುದುರೆಗಳನ್ನು ಈಗ ಗಣಕಯಂತ್ರ ಎಷ್ಟು ಬೇಕಾದರೂ ಹುಟ್ಟಿಸಿ ಕೊಡುತ್ತದೆ. ಈ ದೃಶ್ಯವನ್ನು ಯಾವ ಯಂತ್ರವೂ ಕೊಡಲಾರದು.

ಪಾತ್ರಹಂಚಿಕೆ ಎಂದೆನಲ್ಲ, ಅದು ಹೀಗೆ. ಕಾಲದ ಕಟ್ಟುಪಾಡು ನನ್ನ ಚಿತ್ರಕ್ಕಿಲ್ಲವಾದ್ದರಿಂದ ಅಗಲಿದವರನ್ನೂ ಧಾರಾಳವಾಗಿ ಕರೆಸಿಕೊಳ್ಳುತ್ತೇನೆ. ಪತ್ತಾರನ ಪಾತ್ರ ಕೆ. ಎಸ್. ಅಶ್ವಥ್ ಅವರಿಗೇ. ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟರನ್ನು ಕಂಡವರಿಗೆ ಕಾರಣ ಹೇಳಬೇಕಾಗಿಲ್ಲ. ಮಕ್ಕಳ ಮುಂದೆ ಸೋಲುವ ತಂದೆಯ ಮುಖ ಅವರಿಗೆ ಒಲಿದಂತೆ ಇನ್ನಾರಿಗೂ ಒಲಿಯಲಿಲ್ಲ. ತಾಯಿಯಾಗಿ ಪಂಢರಿಬಾಯಿ. ಬ್ರಾಹ್ಮಣನಾಗಿ ಬಾಲಕೃಷ್ಣ, ನಗಿಸುತ್ತಲೇ ಅನುಮಾನ ಹುಟ್ಟಿಸಬಲ್ಲ ಆ ಕಣ್ಣುಗಳು ಬೇಕು. ಫಿರೋಜ್ ಷಹನಾಗಿ ಉದಯಕುಮಾರ್. ಅವರ ಕಂಠಕ್ಕೆ ಸುಲ್ತಾನನ ಸಿಟ್ಟೂ ಒಪ್ಪುತ್ತದೆ, ‘ನನಗೆ ವಯಸ್ಸಾಯಿತು’ ಎನ್ನುವಾಗಿನ ಬಳಲಿಕೆಯೂ ಒಪ್ಪುತ್ತದೆ. ಹುಡುಗಿಯಾಗಿ ಕಲ್ಪನಾ. ‘ಗೆಜ್ಜೆಪೂಜೆ’, ‘ಶರಪಂಜರ’ಗಳ ಕಲ್ಪನಾ ಮಾತು ಮಾತಿಗೂ ಮಿಡಿಯುವವರು, ಆದರೆ ನನಗೆ ಬೇಕಾದುದು ‘ಬೆಳ್ಳಿಮೋಡ’ದ ಕಲ್ಪನಾ. ಒಲಿದವನನ್ನು ಕಡೆಗೆ ತಾನೇ ನಿರಾಕರಿಸುವ ಇಂದಿರೆಯ ಮೌನದಲ್ಲಿ ನನಗೆ ಪತ್ತಾರನ ಮಗಳ ಮುಖ ಕಾಣುತ್ತದೆ. ಹಾಡುಗಳಂತೂ ಈ ಕಥೆಯೊಳಗೆ ತಾವಾಗಿ ಬಂದು ಕುಳಿತಿವೆ. ನಾಯಕಿ ಸಂಗೀತ ಕಲಿತವಳು. ಮರ ಸುತ್ತಿ ಹಾಡಿಸಬೇಕಾದ ಕಷ್ಟ ನಿರ್ದೇಶಕನಿಗಿಲ್ಲ. ವಿಜಯಭಾಸ್ಕರ್ ರಾಗ ಹಾಕಲಿ, ಎಸ್. ಜಾನಕಿ ಹಾಡಲಿ.

ಇಷ್ಟು ದೊಡ್ಡವರನ್ನು ಕೂಡಿಸಿದ ಮೇಲೂ ಒಂದು ಚಿಂತೆ ಉಳಿಯುತ್ತದೆ, ಅದು ಭಾಷೆಯದು. ಮುದಗಲ್ಲಿನ ಹುಡುಗಿ ಯಾವ ಕನ್ನಡ ಆಡಬೇಕು? ನಮ್ಮ ರಾಯಚೂರು ಸೀಮೆಯ ಮಾತು ಚಿತ್ರಗಳಲ್ಲಿ ಬಹುಮಟ್ಟಿಗೆ ನಗಿಸಲು ಬರುತ್ತದೆ. ನಾಯಕ ನಾಯಿಕೆಯರು ಬೆಂಗಳೂರು ಮೈಸೂರಿನ ಕನ್ನಡದಲ್ಲಿ ಪ್ರೇಮಿಸುತ್ತಾರೆ. ಅಡುಗೆಯವನೋ ಆಳೋ ಬಂದು ‘ಏನ್ರೀಪಾ’ ಎಂದರೆ ಮಂದಿರದಲ್ಲಿ ನಗು. ನಮ್ಮೂರಿನವರೂ ಕೂಡಿಯೇ ನಗುತ್ತಾರೆ. ನಾವು ಪ್ರೀತಿಸುವುದು, ಜಗಳವಾಡುವುದು, ಹೆಣದ ಮುಂದೆ ಅಳುವುದು ಎಲ್ಲವೂ ಇದೇ ಮಾತಿನಲ್ಲಿ ಎಂಬುದನ್ನು ಚಿತ್ರಮಂದಿರದಲ್ಲಿ ಕುಳಿತ ಎರಡು ಗಂಟೆ ನಾವೇ ಮರೆತಿರುತ್ತೇವೆ.

ಬೇರೆ ದಾರಿ ಇಲ್ಲವೆಂದಲ್ಲ. ಟಿ. ಎಸ್. ನಾಗಾಭರಣರು ಎರಡು ಸಲ ಆ ದಾರಿ ತೋರಿದರು. 1990ರ ‘ಸಂತ ಶಿಶುನಾಳ ಷರೀಫ’ದಲ್ಲಿ ಶ್ರೀಧರ್ ಷರೀಫರಾಗಿ, ಗಿರೀಶ ಕಾರ್ನಾಡರು ಗುರು ಗೋವಿಂದಭಟ್ಟರಾಗಿ ಬಂದಾಗ ಉತ್ತರದ ಮಾತಿಗೆ ತತ್ತ್ವದ ಭಾರ ಹೊರುವ ಬಲ ಇದೆಯೆಂದು ಎಲ್ಲರಿಗೂ ತಿಳಿಯಿತು. 1997ರ ‘ನಾಗಮಂಡಲ’ದಲ್ಲಿ ಅದೇ ಸೊಗಡು ಸಿ. ಅಶ್ವಥ್ ಅವರ ಸಂಗೀತದೊಡನೆ ಬೆರೆತು ಶೃಂಗಾರಕ್ಕೂ ದುಃಖಕ್ಕೂ ಒದಗಿತು. ಈಚೆಗೆ, 2022ರಲ್ಲಿ, ರಿಷಬ್ ಶೆಟ್ಟಿಯವರ ‘ಕಾಂತಾರ’ ಕರಾವಳಿಯ ಮಾತನ್ನೂ ಭೂತಾರಾಧನೆಯನ್ನೂ ಹಾಗೆಯೇ ಪರದೆಗೆ ತಂದಿತು. ಅದನ್ನು ಭಾರತದ ಉದ್ದಗಲಕ್ಕೂ ಜನ ನೋಡಿದರು. ಒಂದು ಸೀಮೆಯ ಮಾತು ಇತರರಿಗೆ ತಿಳಿಯದು ಎಂಬ ನೆಪ ಇನ್ನು ನಡೆಯದು.

ಅದರಲ್ಲಿಯೂ ನನ್ನ ನಾಯಕಿಯ ಮುಖ್ಯ ಸಂಭಾಷಣೆ ಒಂದೇ ಮಾತು: ‘ಒಲ್ಲೆ’. ದಕ್ಷಿಣದವರು ‘ಬೇಡ’ ಎನ್ನುವ ಕಡೆಯಲ್ಲಿ ನಮ್ಮ ಮನೆಗಳಲ್ಲಿ ಇಂದಿಗೂ ‘ನಾ ಒಲ್ಲೆ’ ಎನ್ನುತ್ತಾರೆ. ಎರಡನೆಯ ಸಲ ರೊಟ್ಟಿ ಬಡಿಸಲು ಬಂದರೂ ಒಲ್ಲೆ; ಮನಸ್ಸಿಗೆ ಒಪ್ಪದ ಗಂಡು ಬಂದರೂ ಒಲ್ಲೆ. ಬೇಡ ಎಂದರೆ ವಸ್ತು ಬೇಕಿಲ್ಲ ಎಂದಷ್ಟೇ. ಒಲ್ಲೆ ಎಂದರೆ ನನ್ನ ಮನಸ್ಸು ಒಲಿಯಲಿಲ್ಲ ಎಂದು. ಹಳಗನ್ನಡದ ಕಾವ್ಯಗಳಿಂದ ಅಡುಗೆಮನೆಯವರೆಗೆ ಸವೆಯದೆ ಬಂದ ಈ ಮಾತನ್ನು ಆ ಹುಡುಗಿ ಕೂಗಿ ಹೇಳಬಾರದು. ಹಿನ್ನೆಲೆಯಲ್ಲಿ ನಗಾರಿ ಬಾರಿಸಬಾರದು. ರೊಟ್ಟಿ ಒಲ್ಲೆ ಎನ್ನುವಷ್ಟು ಮೆಲ್ಲಗೆ ಹೇಳಬೇಕು. ಆ ಮೆಲುದನಿಗೆ 5000 ಕುದುರೆಗಳು ಹೊರಟು ಬರಬೇಕು.

ಇನ್ನು ಭಯದ ಮಾತು. ಭಯವಿಲ್ಲದೆ ಈ ಕಥೆಯನ್ನು ಇಂದು ಮುಟ್ಟಲಾಗದು. ಹಿಂದಿಯಲ್ಲಿ ಸಂಜಯ್ ಲೀಲಾ ಭನ್ಸಾಲಿಯವರ ‘ಪದ್ಮಾವತ್’ 2018ರಲ್ಲಿ ತೆರೆಗೆ ಬರುವ ಮುನ್ನ ಆದ ಗದ್ದಲ ಎಲ್ಲರಿಗೂ ನೆನಪಿದೆ. ಚಿತ್ತೂರಿನ ಮುತ್ತಿಗೆ ನಡೆದದ್ದು 1303ರಲ್ಲಿ. ಜಾಯಸಿ ಕಾವ್ಯ ಬರೆದದ್ದು 1540ರ ಸುಮಾರಿಗೆ. ಅಲ್ಲಿಯೂ ಘಟನೆಗೂ ಬರೆಹಕ್ಕೂ ನಡುವೆ ಇನ್ನೂರು ವರ್ಷಗಳಿಗೆ ಮೇಲ್ಪಟ್ಟ ಅಂತರ; ಅಲ್ಲಿಯೂ ಒಬ್ಬ ಹೆಣ್ಣು, ಒಬ್ಬ ಸುಲ್ತಾನ, ಒಂದು ಕೋಟೆ. ಚಿತ್ರ ನೋಡುವ ಮೊದಲೇ ಜನ ಬೀದಿಗಿಳಿದರು; ಚಿತ್ರದ ಹೆಸರೇ ಬದಲಾಗಬೇಕಾಯಿತು. ನಮ್ಮ ಕಥೆಯಲ್ಲಿ ಇನ್ನೊಂದು ತೊಡಕು. ಹುಡುಗಿ ಒಲ್ಲೆನೆಂದದ್ದು ಹಿಂದೂ ದೊರೆಯನ್ನು. ಕಡೆಗೆ ಸೇರಿದ್ದು ಮುಸಲ್ಮಾನ ರಾಜಕುಮಾರನನ್ನು. ತನಗೆ ಇಸ್ಲಾಮಿನ ರಾಜಪುತ್ರನೊಬ್ಬನೊಡನೆ ಮದುವೆಯಾಗುವುದೆಂದು ಬಹಳ ದಿನಗಳಿಂದ ಮನಸ್ಸು ಹೇಳುತ್ತಿತ್ತೆಂದು ಅವಳು ಹೆತ್ತವರಿಗೆ ತಿಳಿಸಿದಳಂತೆ. ಹಾಗೆಂದು ಬರೆದವನು ಸುಲ್ತಾನರ ಆಸ್ಥಾನದ ಲೇಖಕ. ಒಬ್ಬ ನಿರ್ಮಾಪಕ ಇದನ್ನು ಹಾಗೆಯೇ ನಂಬಿ ಪ್ರಣಯಕಥೆ ಮಾಡಬಲ್ಲ. ಇನ್ನೊಬ್ಬ ತಿರುಗಿಸಿ ಅಪಹರಣದ ಕಥೆ ಮಾಡಬಲ್ಲ. ಎರಡರಲ್ಲಿ ಯಾವುದನ್ನು ಮಾಡಿದರೂ ಹಣ ಬಂದೀತು. ಆದರೆ ಚಿತ್ರ ತೆಗೆದವರು ತಮ್ಮ ಊರಿಗೆ ಹೋಗುತ್ತಾರೆ; ಮೊಹರಮ್ಮಿಗೆ ಒಟ್ಟಾಗಿ ಹೆಜ್ಜೆ ಹಾಕಬೇಕಾದವರು ಮುದಗಲ್ಲಿನವರು.

ಆದ್ದರಿಂದ ನನ್ನ ಮನಸ್ಸಿನ ಚಿತ್ರ ಯಾವ ದೊರೆಯ ಪಕ್ಷವನ್ನೂ ಹಿಡಿಯುವುದಿಲ್ಲ. ಹಾಗೆ ನೋಡಿದರೆ ಇಬ್ಬರು ದೊರೆಗಳೂ ಅಲ್ಲಿ ಒಂದೇ ಕೆಲಸ ಮಾಡುತ್ತಾರೆ. ಒಬ್ಬ ಕೇಳಿದ, ಉತ್ತರ ಹಿಡಿಸದೆ ದಂಡು ಕಳಿಸಿದ. ಇನ್ನೊಬ್ಬ ಗೆದ್ದು ಕರೆಸಿದ, ನೋಡಿದ, ಮಗನಿಗೆ ಕೊಟ್ಟ. ವಿಜಯನಗರದ ರಾಜಕುಮಾರಿಯ ಗತಿಯೇನು? ಅವಳ ಹೆಸರನ್ನೂ ಯಾರೂ ಹೇಳುವುದಿಲ್ಲ. ಬಂಕಾಪುರದ ಜತೆಗೆ ಅವಳೂ ಲೆಕ್ಕಕ್ಕೆ ಸೇರಿ ಹೋದಳು. ಪತ್ತಾರನ ಮಗಳು ಒಮ್ಮೆಯಾದರೂ ಒಲ್ಲೆ ಎಂದಳು. ಅರಮನೆಯ ಮಗಳಿಗೆ ಅಷ್ಟೂ ಅವಕಾಶ ಸಿಕ್ಕಿದಂತಿಲ್ಲ. ಈ ಇಬ್ಬರು ಹುಡುಗಿಯರು ಒಂದೇ ಮನೆತನದ ಸೊಸೆಯರಾದರಲ್ಲ! ಫಿರೋಜಾಬಾದಿನ ಅರಮನೆಯಲ್ಲಿ ಎಂದಾದರೊಂದು ದಿನ ಅವರಿಬ್ಬರೂ ಎದುರುಬದುರು ಕುಳಿತಿದ್ದರೆ ಏನು ಮಾತಾಡಿಕೊಂಡಿರಬಹುದು? ಫೆರಿಷ್ತಾ ಅದನ್ನು ಬರೆಯಲಿಲ್ಲ. ಬರೆಯದೆ ಬಿಟ್ಟ ಆ ಜಾಗ ಚಿತ್ರಕಾರನದು.

ಮುಕ್ತಾಯವನ್ನೂ ಅಲ್ಲಿಯೇ ಇಡಬೇಕೆಂದು ನನ್ನ ಅಭಿಪ್ರಾಯ. ಹಸನ್ ಖಾನನಿಗೆ ಪಟ್ಟ ದಕ್ಕಲಿಲ್ಲ. 1422ರಲ್ಲಿ ಅವನ ಚಿಕ್ಕಪ್ಪ ಅಹಮದ್ ಷಹ ಸಿಂಹಾಸನವೇರಿದ. ರಾಣಿಯಾಗಲು ಒಲ್ಲೆನೆಂದವಳು ಕಡೆಗೂ ರಾಣಿಯಾಗಲಿಲ್ಲ. ಮುದಗಲ್ಲಿನ ಹಳ್ಳಿಗಳಲ್ಲಿ ಓಡಿಹೋದವರು ಮರಳಿ ಬಂದು ಸುಟ್ಟ ಮನೆಗಳಿಗೆ ಮತ್ತೆ ತೊಲೆ ಹಾಕಿರಬೇಕು, ಹೊಲದಲ್ಲಿ ಮತ್ತೆ ಜೋಳ ಬಿತ್ತಿರಬೇಕು. ಜಯಭೇರಿಯ ಬದಲು ಆ ಬಿತ್ತನೆಯನ್ನು ತೋರಿಸಿದರೆ ನಮ್ಮ ಮನೆಯಾಕೆಯ ಪ್ರಶ್ನೆಗೂ ಉತ್ತರ ಸಿಕ್ಕೀತು.

ಈ ಚಿತ್ರಕ್ಕೆ ಬೇಕಾದುದು ಕೋಟಿಗಟ್ಟಲೆ ಹಣವಲ್ಲ. ಕೋಟೆ ಸಿದ್ಧವಾಗಿದೆ, ಅದರ ಕಲ್ಲಿಗೆ ಬಣ್ಣ ಬಳಿಯಬೇಕಾಗಿಲ್ಲ. ಆಡುವ ಮಾತು ಊರಿನ ಬಾಯಲ್ಲಿದೆ. ಕಂಪನಿ ನಾಟಕಗಳನ್ನೂ ಬಯಲಾಟವನ್ನೂ ಕಂಡು ಬೆಳೆದ ನಟರು ಈ ಸೀಮೆಯಲ್ಲಿದ್ದಾರೆ. ಕಲ್ಪನಾ ಈಗ ಬರಲಾರರು, ಅಶ್ವಥ್ ಬರಲಾರರು. ಲಿಂಗಸುಗೂರಿನಲ್ಲಿಯೋ ಮಸ್ಕಿಯಲ್ಲಿಯೋ ಸಿಂಧನೂರಿನಲ್ಲಿಯೋ ಕಾಲೇಜಿಗೆ ಹೋಗುತ್ತಿರುವ ಯಾವ ಹುಡುಗಿಗಾದರೂ ಆ ಒಂದು ಮಾತನ್ನು ಸರಿಯಾಗಿ ಹೇಳಲು ಬಂದೀತು. ಮನೆಯಲ್ಲಿ ದಿನಕ್ಕೆ ಹತ್ತು ಸಲ ಆಡುವ ಮಾತೇ ಅದು. ಅದನ್ನು ಕ್ಯಾಮೆರಾದ ಮುಂದೆ ಆಡಿಸುವ ಧೈರ್ಯವಂತ ನಿರ್ಮಾಪಕ ಯಾರಾದರೂ ಇದ್ದರೆ ಮುದಗಲ್ಲಿಗೆ ಬರಲಿ. ಊಟ ವಸತಿಯ ಹೊಣೆ ನನ್ನದು. ಎರಡನೆಯ ಸಲ ರೊಟ್ಟಿ ಬಡಿಸಿದಾಗ ಮಾತ್ರ ಅವರು ಒಲ್ಲೆ ಎನ್ನಬಾರದು.